ಮಗ ಓದಬೇಕೆಂದಿರುವ ವಿದ್ಯೆ, ಬಾಲಿಯ ಗದ್ದೆ



ಹೋದ ತಿಂಗಳು ರಾಯಚೂರು ಜಿಲ್ಲೆಯಿಂದ ನಮಗೊಂದು ಕಾಗದ ಬಂತು. ಬರೆದವರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇಭಾಗದಲ್ಲಿ ಆರು ಎಕರೆ ಇಟ್ಟುಕೊಂಡಿರುವ ರೈತರು. ಕಾಲುವೆಯ ಕೊನೇಭಾಗ ಅಂದರೇನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಕ್ಷೆಯಲ್ಲಿ ನೀರಾವರಿ, ನೆಲದ ಮೇಲೆ ಮಳೆ ನಂಬಿದ ಬೇಸಾಯ. ಅವರ ಹಿರೀಮಗ ಕೃಷಿ ಪದವಿ ಮುಗಿಸಿದ್ದಾನೆ. ಕೆಲಸಕ್ಕೆ ಸೇರೋ ಅಂದರೆ ಕೇಳುತ್ತಿಲ್ಲ. ಜನರ ಬದುಕನ್ನೂ ನೆಲ-ನೀರನ್ನೂ ಒಟ್ಟಿಗೆ ಇಟ್ಟು ಕಂಪ್ಯೂಟರಿನಲ್ಲಿ ಮಾದರಿ ಕಟ್ಟುವ ವಿದ್ಯೆ ಅಂತ ಒಂದಿದೆಯಂತೆ, ಅದನ್ನು ಓದಬೇಕು, ಅದಕ್ಕೆ ಅಮೆರಿಕಕ್ಕೆ ಹೋಗಬೇಕು, ಆಮೇಲೆ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಬೇಕು ಅಂತ ಪಟ್ಟು ಹಿಡಿದಿದ್ದಾನೆ. "ಅದು ಏನು ವಿದ್ಯಾನೋ ನನಗ ತಿಳೀವಲ್ದು. ಎರಡು ಎಕರೆ ಅಡವು ಇಟ್ಟರ ಸಾಲ ಕೊಡ್ತೀವಿ ಅಂದಾರ. ಇಡ್ಲೋ ಬ್ಯಾಡೋ, ನೀವ ಒಂದು ಮಾತು ಹೇಳ್ರಿ" ಅಂತ ತಂದೆ ಕೇಳಿದ್ದಾರೆ.

ಕಾಗದ ಓದಿ ಮೊದಲು ನಮಗೂ ನಗು ಬಂತು. ಭತ್ತದ ರೇಟು, ಸೊಸೈಟಿ ಸಾಲ, ಬಡ್ಡಿ ಮನ್ನಾ ಇವುಗಳ ಬಗ್ಗೆ ಕೇಳಿ ಸ್ವಾಮಿ, ನಾಲ್ಕು ಮಾತು ಹೇಳಿಯೇವು. ಮೇಷ್ಟರ ಕೆಲಸದ ವಿಚಾರ ನಮಗೇಕೆ ಅಂದುಕೊಂಡೆವು. ಆದರೆ ಆರು ಎಕರೆಯಲ್ಲಿ ಎರಡೆಕರೆ ಅಡವಿಗೆ ಹೋಗುತ್ತದೆ ಅಂದಮೇಲೆ ಅದು ನಮ್ಮ ಪತ್ರಿಕೆಯ ವಿಚಾರವೇ. ಇನ್ನೊಂದು ಮಾತೂ ಇದೆ. ನಮ್ಮ ನೀರು, ನಮ್ಮ ಬೆಳೆ, ನಮ್ಮ ಕಾಡು, ಕೊನೆಗೆ ನಮ್ಮ ಖರ್ಚು, ಇವನ್ನೆಲ್ಲ ಲೆಕ್ಕಕ್ಕೆ ಹಾಕಿ ಸರ್ಕಾರದ ಮುಂದಿಡುವವರು ಇಂಥ ಮೇಷ್ಟರುಗಳೇ. ಆ ಲೆಕ್ಕದಲ್ಲಿ ಏನು ಸೇರುತ್ತದೆ, ಏನು ಬಿಟ್ಟುಹೋಗುತ್ತದೆ ಅನ್ನುವುದರ ಮೇಲೆ ನಮ್ಮ ತಲೆಗೆ ಎಷ್ಟು ಸಾಲ ಬೀಳುತ್ತದೆ ಅನ್ನುವುದು ನಿಂತಿದೆ. ಇದು ಉತ್ಪ್ರೇಕ್ಷೆಯಲ್ಲ. ಈ ವಿದ್ಯೆಯ ಚರಿತ್ರೆಯಲ್ಲಿ ಹೆಸರಾದ ಒಂದು ಕತೆ ಇದೆ, ಅದೂ ಭತ್ತದ ಗದ್ದೆಯದೇ ಕತೆ. ಹೇಳುತ್ತೇವೆ, ಕೇಳಿ.

ಇಂಡೋನೇಷ್ಯಾ ದೇಶದಲ್ಲಿ ಬಾಲಿ ಅಂತ ಒಂದು ದ್ವೀಪ. ಮಧ್ಯೆ ಬೆಂಕಿಬೆಟ್ಟ, ಬೆಟ್ಟದ ಬಾಯಲ್ಲಿ ಬಾತೂರ್ ಅನ್ನುವ ಕೆರೆ, ಬೆಟ್ಟದಿಂದ ಸಮುದ್ರದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು. ಹೊಳೆಗಳು ಆಳವಾದ ಕಣಿವೆಯಲ್ಲಿ ಹರಿಯುವುದರಿಂದ ಅಲ್ಲಲ್ಲಿ ಒಡ್ಡು ಹಾಕಿ, ಬಂಡೆ ಕೊರೆದ ಸುರಂಗಗಳಲ್ಲಿ ನೀರನ್ನು ಹಾಯಿಸಿ ಗದ್ದೆಗೆ ತರುತ್ತಾರೆ. ಒಂದು ಕಾಲುವೆಯ ನೀರು ಉಣ್ಣುವ ರೈತರೆಲ್ಲ ಸೇರಿದ ಕೂಟಕ್ಕೆ 'ಸುಬಕ್' ಅಂತ ಹೆಸರು. ಹನ್ನೊಂದನೇ ಶತಮಾನದ ಶಾಸನಗಳಲ್ಲೇ ಅದರ ಪ್ರಸ್ತಾಪ ಇದೆ. ಪ್ರತಿ ಸುಬಕ್ಕಿಗೂ ಒಂದು ನೀರಿನ ಗುಡಿ. ಹತ್ತಾರು ಸುಬಕ್ಕುಗಳು ಸೇರುವ ಇನ್ನೂ ದೊಡ್ಡ ಗುಡಿ. ಎಲ್ಲಕ್ಕೂ ಮೇಲೆ ಬಾತೂರ್ ಕೆರೆಯ ದೇವಿಯ ಗುಡಿ. ಯಾವ ಸುಬಕ್ ಯಾವಾಗ ಗದ್ದೆಗೆ ನೀರು ಕಟ್ಟಬೇಕು, ಯಾವಾಗ ನಾಟಿ ಹಾಕಬೇಕು, ಯಾವಾಗ ಗದ್ದೆ ಬೀಳು ಬಿಡಬೇಕು ಅನ್ನುವುದು ಗುಡಿಯ ಸಭೆಯಲ್ಲಿ ತೀರ್ಮಾನವಾಗುತ್ತಿತ್ತು. ಪೂಜೆಯೂ ಅಲ್ಲೇ, ಪಂಚಾಯ್ತಿಯೂ ಅಲ್ಲೇ.

1970ರ ದಶಕದಲ್ಲಿ ಅಲ್ಲಿಗೂ ಹಸಿರು ಕ್ರಾಂತಿ ಬಂತು. ನಮ್ಮಲ್ಲಿ ಬಂದ ಹಾಗೇ ಬಂತು. ಹೊಸ ಬೀಜ, ಗೊಬ್ಬರ, ಔಷಧಿ, ಅವನ್ನೆಲ್ಲ ಕೊಳ್ಳುವುದಕ್ಕೆ ಸಾಲ, ಎಲ್ಲವೂ ಒಂದೇ ಕಟ್ಟಿನಲ್ಲಿ. ಬೀಜ ಬೇಗ ಬಲಿಯುವಂಥದು, ಹಾಗಾಗಿ ಗುಡಿಯ ಕ್ಯಾಲೆಂಡರು ನೋಡಿಕೊಂಡು ಕೂರಬೇಡಿ, ನೀರು ಸಿಕ್ಕಾಗಲೆಲ್ಲ ನಾಟಿ ಮಾಡಿ, ವರ್ಷಕ್ಕೆ ಎರಡಲ್ಲ ಮೂರು ಬೆಳೆ ತೆಗೆಯಿರಿ ಅಂತ ಅಧಿಕಾರಿಗಳ ಒತ್ತಾಯ. ಒಂದೆರಡು ವರ್ಷ ಕಣ ತುಂಬಿತು. ಆಮೇಲೆ ಕಂದು ಜಿಗಿಹುಳು ಬಿತ್ತು. ಅದನ್ನು ತಡೆಯುವ ಹೊಸ ತಳಿ ಕೊಟ್ಟರು, ಅದಕ್ಕೆ ಟುಂಗ್ರೋ ರೋಗ ಬಿತ್ತು. ಇಲಿಗಳ ಕಾಟ ಬೇರೆ. ಔಷಧಿ ಹೊಡೆದಷ್ಟೂ ಹುಳ ಹೆಚ್ಚಿತು, ಯಾಕೆಂದರೆ ಹುಳ ತಿನ್ನುವ ಜೇಡ, ಕೀಟಗಳೇ ಮೊದಲು ಸತ್ತವು. ನೀರಿನ ಸರದಿ ತಪ್ಪಿ ಮೇಲಿನವರಿಗೂ ಕೆಳಗಿನವರಿಗೂ ಜಗಳ. ಇದು ಸಾಲದು ಅಂತ 1979ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ನೀರಾವರಿ ಯೋಜನೆ ಶುರುವಾಯಿತು. ಸಿಮೆಂಟಿನ ಒಡ್ಡು, ಏರಿಸಿ ಇಳಿಸುವ ಕಬ್ಬಿಣದ ಬಾಗಿಲು. ಹಳೇ ಪದ್ಧತಿಯಲ್ಲಿ ಮರದ ದಿಮ್ಮಿಗೆ ಅಳತೆಯ ಕಚ್ಚು ಹಾಕಿ ಕಾಲುವೆಗೆ ಅಡ್ಡ ಇಡುತ್ತಿದ್ದರು. ಹೊಳೆ ತುಂಬಿ ಬರಲಿ, ಸಣ್ಣಗಾಗಲಿ, ಅವರವರ ಪಾಲು ಅವರವರಿಗೆ ತಾನಾಗಿ ಹೋಗುತ್ತಿತ್ತು. ಕಚ್ಚು ಎಷ್ಟಗಲ ಅಂತ ದಾರಿಹೋಕನೂ ನೋಡಬಹುದಾಗಿತ್ತು. ಕಬ್ಬಿಣದ ಬಾಗಿಲಿಗೆ ಯಾರಾದರೂ ಒಬ್ಬ ತಿರುಗಿಸುವವನು ಬೇಕು, ಅವನ ಕೈ ಯಾರ ಕಡೆ ತಿರುಗುತ್ತದೆ ಅನ್ನುವುದು ನಮಗೂ ಗೊತ್ತು ನಿಮಗೂ ಗೊತ್ತು. ಕೆಲವು ಕಡೆ ರೈತರು ಬಾಗಿಲು ಕಿತ್ತುಹಾಕಿ ಹಳೇ ದಿಮ್ಮಿಗೇ ಮರಳಿದರು.

ಈಗ ಮೇಷ್ಟರು ಬರುತ್ತಾರೆ. ಸ್ಟೀಫನ್ ಲ್ಯಾನ್ಸಿಂಗ್ ಅಂತ, ಅಮೆರಿಕದ ಮಾನವಶಾಸ್ತ್ರಜ್ಞ. 1970ರ ದಶಕದಿಂದಲೂ ಬಾಲಿಗೆ ಹೋಗಿ ಬಂದು, ಭಾಷೆ ಕಲಿತು, ಗುಡಿಗಳ ಬಗ್ಗೆ ಬರೆಯುತ್ತಿದ್ದವರು. ಗುಡಿ ಪೂಜೆ ಅಧ್ಯಯನ ಮಾಡಲು ಹೋದವರಿಗೆ ಕಂಡದ್ದು ನೀರಿನ ಆಡಳಿತ. ಈ ಗುಡಿಗಳ ಸಭೆಯನ್ನು ಮುರಿದದ್ದಕ್ಕೇ ಹುಳ ಹೆಚ್ಚಿರುವುದು ಅಂತ ಅವರಿಗೆ ಅನಿಸಿತು, ಹೇಳಿದರು ಕೂಡ. ಬ್ಯಾಂಕಿನವರು ಮೊದಲು ಕಿವಿಗೊಡಲಿಲ್ಲ. ಪೂಜಾರಿಗಳ ಕತೆ ಹೇಳಿಕೊಂಡು ಬಂದ ಮೇಷ್ಟರ ಮಾತಿಗೆ ಎಂಜಿನಿಯರುಗಳ ಮುಂದೆ ಯಾವ ಬೆಲೆ? ಆಗ ಲ್ಯಾನ್ಸಿಂಗ್ ಮಾಡಿದ ಕೆಲಸ ಏನು ಗೊತ್ತೇ? ತಾವು ಪಾಠ ಹೇಳುತ್ತಿದ್ದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲೇ ಇದ್ದ ಜೇಮ್ಸ್ ಕ್ರೆಮರ್ ಅನ್ನುವ ಇನ್ನೊಬ್ಬ ಮೇಷ್ಟರ ಹತ್ತಿರ ಹೋದರು. ಕ್ರೆಮರ್ ಸಮುದ್ರದ ಜೀವಿಗಳ ಲೆಕ್ಕ ಮಾಡುವವರು. ಅಮೆರಿಕದ ನ್ಯಾರಗನ್ಸೆಟ್ ಅನ್ನುವ ಕೊಲ್ಲಿಯಲ್ಲಿ ಪಾಚಿ ಎಷ್ಟು, ಪಾಚಿ ತಿನ್ನುವ ಹುಳು ಎಷ್ಟು, ಬಿಸಿಲು ಎಷ್ಟು ಅನ್ನುವುದನ್ನೆಲ್ಲ ಕಂಪ್ಯೂಟರಿಗೆ ಕಟ್ಟಿ 1978ರಲ್ಲಿ ಇನ್ನೊಬ್ಬರ ಜೊತೆ ಪುಸ್ತಕ ತಂದಿದ್ದವರು. ಗುಡಿಯ ಮೇಷ್ಟರು, ಕಡಲ ಮೇಷ್ಟರು ಇಬ್ಬರೂ ಸೇರಿ ಭತ್ತದ ಗದ್ದೆಗೆ ಇಳಿದರು.

ಊಸ್, ಪೆತಾನು ಅನ್ನುವ ಎರಡು ಹೊಳೆಗಳ ಬಯಲಿನ 172 ಸುಬಕ್ಕುಗಳನ್ನು ಒಂದೊಂದಾಗಿ ಲೆಕ್ಕಕ್ಕೆ ತಂದರು. ಮಳೆ ಎಷ್ಟು ಬೀಳುತ್ತದೆ, ಹೊಳೆಯಲ್ಲಿ ಎಷ್ಟು ಹರಿಯುತ್ತದೆ, ಯಾರ ಒಡ್ಡಿನ ಮೇಲೆ ಯಾರ ಒಡ್ಡಿದೆ, ಯಾವ ಗದ್ದೆಯ ಹುಳ ಯಾವ ಗದ್ದೆಗೆ ಹಾರುತ್ತದೆ, ಎಲ್ಲವನ್ನೂ. ಮಾದರಿ ಅಂದರೆ ಇಷ್ಟೇ. ಬೊಂಬೆಯಾಟದ ಊರು ಅಂತ ತಿಳಿದುಕೊಳ್ಳಿ. ನಿಜವಾದ ಊರಿನಲ್ಲಿ ಒಂದು ವರ್ಷ ಎಲ್ಲರೂ ಒಟ್ಟಿಗೆ ನಾಟಿ ಹಾಕಿ ನೋಡೋಣ, ಇನ್ನೊಂದು ವರ್ಷ ಮನಸ್ಸಿಗೆ ಬಂದಂತೆ ಹಾಕಿ ನೋಡೋಣ ಅಂತ ಪರೀಕ್ಷೆ ಮಾಡಲಾಗುವುದಿಲ್ಲ, ಹೊಟ್ಟೆಗೆ ಮಣ್ಣು ಬೀಳುತ್ತದೆ. ಬೊಂಬೆಯ ಊರಿನಲ್ಲಿ ಮಾಡಬಹುದು.

ಮಾಡಿದಾಗ ಬಂದ ಉತ್ತರ ನಿಮ್ಮಲ್ಲಿ ಭತ್ತ ಬೆಳೆಯುವವರಿಗೆ ತಟ್ಟನೆ ಹಿಡಿಸುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ನಾಟಿ ಹಾಕಿದರೆ ನೀರಿಗೆ ಅಷ್ಟು ತೊಂದರೆ ಇಲ್ಲ, ಕೆಸರು ಮಾಡುವಾಗ, ನಾಟಿ ಹಾಕುವಾಗ ಬೇಕಾಗುವ ಹೆಚ್ಚಿನ ನೀರು ಸರದಿಯಲ್ಲಿ ಹಂಚಿಹೋಗುತ್ತದೆ. ಆದರೆ ಹುಳಕ್ಕೆ ವರ್ಷವಿಡೀ ಹಬ್ಬ. ಈ ಗದ್ದೆ ಕೊಯ್ದರೆ ಆ ಗದ್ದೆಯಲ್ಲಿ ಹಸಿರು ಇದ್ದೇ ಇರುತ್ತದೆ. ಎಲ್ಲರೂ ಒಂದೇ ಸಲ ನಾಟಿ ಹಾಕಿ ಒಂದೇ ಸಲ ಕೊಯ್ದು ಬಯಲಿಗೆ ಬಯಲೇ ಬೀಳು ಬಿಟ್ಟರೆ ಹುಳಕ್ಕೆ ಮೇವಿಲ್ಲ, ಸಾಯುತ್ತದೆ. ಆದರೆ ಆಗ ನಾಟಿಯ ಹೊತ್ತಿಗೆ ಹೊಳೆಯ ನೀರು ಎಲ್ಲರಿಗೂ ಸಾಲುವುದಿಲ್ಲ, ಕೊನೇಭಾಗ ಒಣಗುತ್ತದೆ. ಹುಳ ಹಾರಿ ದಾಟಲಾಗದಷ್ಟು ದೊಡ್ಡ ಬಯಲು ಒಟ್ಟಿಗೆ ಬೀಳು ಬೀಳಬೇಕು, ಹೊಳೆ ಬರಿದಾಗದಷ್ಟು ಚಿಕ್ಕ ಬಯಲು ಒಟ್ಟಿಗೆ ನಾಟಿಯಾಗಬೇಕು. ಆ ಅಳತೆ ಎಷ್ಟು? ಕಂಪ್ಯೂಟರು ಹೇಳಿತು: ಒಂದು ನೀರಿನ ಗುಡಿಗೆ ಸೇರಿದ ಸುಬಕ್ಕುಗಳ ಗುಂಪು ಎಷ್ಟಿದೆಯೋ ಹೆಚ್ಚೂಕಮ್ಮಿ ಅಷ್ಟು. ಅಂದರೆ ಗುಡಿಯ ಸಭೆ ಯಾವ ಅಳತೆಯಲ್ಲಿ ಕೂಡುತ್ತಿತ್ತೋ ಅದೇ ಅಳತೆಯಲ್ಲಿ ಫಸಲು ಎಲ್ಲಕ್ಕಿಂತ ಹೆಚ್ಚು.

ಅಷ್ಟಕ್ಕೆ ನಿಲ್ಲಲಿಲ್ಲ. ಗುಡಿಯನ್ನೇ ಲೆಕ್ಕದಿಂದ ತೆಗೆದುಹಾಕಿ, ಪ್ರತಿ ಸುಬಕ್ಕೂ ವರ್ಷದ ಕೊನೆಗೆ ಪಕ್ಕದವರನ್ನು ನೋಡಿ, ಹೆಚ್ಚು ಬೆಳೆದವರ ಸರದಿಯನ್ನು ಮಾರನೇ ವರ್ಷ ಅನುಸರಿಸಲಿ ಅಂತ ಬಿಟ್ಟರು. ಬೇಲಿಯಾಚೆ ಇಣುಕಿ ನೋಡುವುದು ರೈತನಿಗೆ ಯಾರೂ ಕಲಿಸಬೇಕಾಗಿಲ್ಲವಲ್ಲ! ಬೊಂಬೆಯ ಊರಿನಲ್ಲಿ ಸುಮಾರು ಹತ್ತು ವರ್ಷ ಕಳೆಯುವಷ್ಟರಲ್ಲಿ ಸುಬಕ್ಕುಗಳು ತಾವಾಗಿಯೇ ಗುಂಪುಗೂಡಿದವು, ಆ ಗುಂಪುಗಳು ಗುಡಿಗಳ ಗುಂಪಿಗೆ ಹತ್ತಿರ ಹತ್ತಿರ ಹೊಂದಿಕೊಂಡವು. ಯಾವ ಎಂಜಿನಿಯರೂ ನಕ್ಷೆ ಬರೆಯದ ಈ ವ್ಯವಸ್ಥೆ ಬೆಳೆದದ್ದು ಹೇಗೆ ಅನ್ನುವುದಕ್ಕೆ ಒಂದು ಸುಳಿವು ಸಿಕ್ಕಿತು. 1991ರಲ್ಲಿ ಲ್ಯಾನ್ಸಿಂಗ್ ಇದನ್ನು ಪುಸ್ತಕ ಮಾಡಿದರು, 1993ರಲ್ಲಿ ಇಬ್ಬರೂ ಸೇರಿ ವಿದ್ವತ್ ಪತ್ರಿಕೆಯಲ್ಲಿ ಬರೆದರು. ಅಷ್ಟರಲ್ಲಿ, 1988ರಲ್ಲೇ, ಬ್ಯಾಂಕಿನದೇ ಮರುಪರಿಶೀಲನೆಯ ವರದಿ ಹಳೇ ಪದ್ಧತಿಯ ಗುಣವನ್ನು ಅರಿಯದೆ ಹೋದದ್ದು ದುಬಾರಿಯಾಯಿತು ಅಂತ ಒಪ್ಪಿಕೊಂಡಿತ್ತು. ಒಪ್ಪಿಕೊಂಡರು, ಸರಿ. ಸಾಲ ತಂದದ್ದು ಸರ್ಕಾರ, ತೀರಿಸಿದ್ದು ಆ ದೇಶದ ಜನ.

ಮೇಲಿನ ರೈತ ಕೆಳಗಿನವನಿಗೆ ಯಾಕೆ ನೀರು ಬಿಡಬೇಕು? ಈ ಪ್ರಶ್ನೆ ನಮ್ಮ ರಾಯಚೂರಿನ ತಂದೆ ದಿನಾ ಕೇಳಿಕೊಳ್ಳುವಂಥದು. ನೀರಿನ ಮಟ್ಟಿಗೆ ಮೇಲಿನವನಿಗೆ ಕೆಳಗಿನವನ ಹಂಗಿಲ್ಲ. ಆದರೆ ಹುಳದ ಮಟ್ಟಿಗೆ ಇದೆ. ಕೆಳಗಿನವನಿಗೆ ನೀರು ಸಿಗದೆ ಅವನು ಹೊತ್ತಲ್ಲದ ಹೊತ್ತಿನಲ್ಲಿ ನಾಟಿ ಹಾಕಿದರೆ ಅವನ ಗದ್ದೆಯ ಹುಳ ಮೇಲಿನವನ ಪೈರಿಗೆ ಏರುತ್ತದೆ. ಹಾಗಾಗಿ ಒಟ್ಟಿಗೆ ನಾಟಿ ಹಾಕು ಮಾರಾಯ, ನಿನ್ನ ಪಾಲಿನ ನೀರು ಬಿಡುತ್ತೇನೆ ಅನ್ನುವ ಒಡಂಬಡಿಕೆ. ಲ್ಯಾನ್ಸಿಂಗ್ ಆಮೇಲೆ 1998ರಲ್ಲಿ ಹತ್ತು ಸುಬಕ್ಕುಗಳ 150 ರೈತರನ್ನು, ನಿಮಗೆ ಹುಳದ ಭಯ ಹೆಚ್ಚೋ ನೀರಿನ ಭಯ ಹೆಚ್ಚೋ ಅಂತ ಕೇಳಿಸಿದರು. ಮೇಲ್ಭಾಗದವರು ಹೆಚ್ಚಾಗಿ ಹುಳ ಅಂದರು, ಕೊನೇಭಾಗದವರು ನೀರು ಅಂದರು. ಲೆಕ್ಕವೂ ಅದನ್ನೇ ಹೇಳಿತ್ತು. ಮಾದರಿ ಕಟ್ಟಿದವನು ಗದ್ದೆಗೆ ಹೋಗಿ ಕೇಳಿದ ಅನ್ನುವುದನ್ನು ಗಮನಿಸಿ. ಎಲ್ಲರೂ ಹೋಗುವುದಿಲ್ಲ.

ನಮ್ಮ ಕಾಲುವೆಗಳಲ್ಲಿ ಈ ಒಡಂಬಡಿಕೆ ಯಾಕಿಲ್ಲ ಅಂತ ಕೇಳಿದರೆ ಎಲಿನರ್ ಆಸ್ಟ್ರಮ್ ಅನ್ನುವ ಇನ್ನೊಬ್ಬ ಮೇಷ್ಟ್ರಮ್ಮನ ಕಡೆ ತಿರುಗಬೇಕಾಗುತ್ತದೆ. ಹುಟ್ಟಿದ್ದು 1933ರಲ್ಲಿ, ಅಮೆರಿಕದಲ್ಲಿ ಬಡತನ ಬಿದ್ದಿದ್ದ ಕಾಲ. ಹೆಣ್ಣುಮಗಳು ಅಂತ ಶಾಲೆಯಲ್ಲಿ ಮೇಲಿನ ಗಣಿತಕ್ಕೆ ಕೂರಿಸಲಿಲ್ಲ, ಗಣಿತ ಓದಿಲ್ಲ ಅಂತ ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಸೇರಿಸಿಕೊಳ್ಳಲಿಲ್ಲ. ರಾಜ್ಯಶಾಸ್ತ್ರ ಓದಿದರು. ಲಾಸ್ ಏಂಜಲೀಸ್ ಹತ್ತಿರ ಬೋರು ಹಾಕಿದವರೆಲ್ಲ ಪೈಪೋಟಿಯಿಂದ ನೀರೆತ್ತಿ ಅಂತರ್ಜಲಕ್ಕೆ ಸಮುದ್ರದ ಉಪ್ಪು ನುಗ್ಗಿದಾಗ ಆ ಜನ ತಮ್ಮ ತಮ್ಮಲ್ಲೇ ಹೇಗೆ ಕಟ್ಟುಪಾಡು ಮಾಡಿಕೊಂಡರು ಅನ್ನುವುದರ ಮೇಲೆ 1965ರಲ್ಲಿ ಪ್ರಬಂಧ ಬರೆದರು. ಇಂಡಿಯಾನಾ ವಿಶ್ವವಿದ್ಯಾಲಯ ಕೆಲಸ ಕೊಟ್ಟದ್ದು ಗಂಡನಿಗೆ. ಇವರಿಗೆ ಸಿಕ್ಕಿದ್ದು, ಬೇರೆಯವರಿಗೆ ಬೇಡವಾದ ಬೆಳಿಗ್ಗೆ ಏಳೂವರೆಯ ತರಗತಿ, ವಾರಕ್ಕೆ ಮೂರು ದಿನ, ಶನಿವಾರವೂ ಸೇರಿ. ಅದೇ ಮೇಷ್ಟ್ರಮ್ಮನಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಷಯದಲ್ಲಿ ಅದು ಬಂದ ಮೊದಲ ಹೆಂಗಸು ಅವರೇ. 2012ರಲ್ಲಿ ತೀರಿಕೊಂಡರು.

ಅವರೂ ಅವರ ಜೊತೆಯವರೂ ನೇಪಾಳದ ಇನ್ನೂರಕ್ಕೂ ಹೆಚ್ಚು ನೀರಾವರಿ ಕಾಲುವೆಗಳ ವಿವರ ಕೂಡಿಸಿದರು. ರೈತರೇ ನಡೆಸುವ ಕಾಲುವೆಗಳಲ್ಲಿ ಕೊನೇಭಾಗಕ್ಕೆ ನೀರು ತಲುಪುವುದು ಹೆಚ್ಚು, ಸರ್ಕಾರ ನಡೆಸುವಲ್ಲಿ ಕಡಿಮೆ. ಕಾರಣ ಹುಡುಕಿದರೆ ಬಹಳ ಸರಳ. ಕಲ್ಲು, ಮಣ್ಣು, ಸೊಪ್ಪಿನ ಒಡ್ಡು ಪ್ರತಿ ಮಳೆಗಾಲ ಕೊಚ್ಚಿಹೋಗುತ್ತದೆ. ಅದನ್ನು ಮತ್ತೆ ಕಟ್ಟುವುದಕ್ಕೆ ಮೇಲಿನವರ ಕೈ ಮಾತ್ರ ಸಾಲದು, ಕೆಳಗಿನವರೂ ಬರಬೇಕು. ನೀರು ಕೊಡದಿದ್ದರೆ ಅವರು ಬರುವುದಿಲ್ಲ. ಸರ್ಕಾರ ಬಂದು ಶಾಶ್ವತವಾದ ಸಿಮೆಂಟ್ ಒಡ್ಡು ಕಟ್ಟಿಕೊಟ್ಟಿತು ಅನ್ನಿ. ಮೇಲಿನವನಿಗೆ ಇನ್ನು ಕೆಳಗಿನವನ ಹಂಗೇನು? ಅಲ್ಲಿಗೆ ಒಡಂಬಡಿಕೆ ಮುರಿಯಿತು. ಉಪಕಾರ ಮಾಡಲು ಹೋಗಿ ಕೊನೇಭಾಗದವನ ಕೈಯಲ್ಲಿದ್ದ ಒಂದೇ ಒಂದು ಬಲವನ್ನು ಕಿತ್ತುಕೊಂಡ ಹಾಗಾಯಿತು. ನಮ್ಮ ಕೆರೆಗಳಲ್ಲಿ ನೀರುಗಂಟಿ ಇದ್ದ ಕಾಲ, ಹೂಳೆತ್ತಲು ಮನೆಗೊಂದಾಳು ಬರುತ್ತಿದ್ದ ಕಾಲ ನೆನಪಿರುವ ಹಿರಿಯರು ಈ ಮಾತನ್ನು ಯಾವ ಗಣಿತವೂ ಇಲ್ಲದೆ ಒಪ್ಪುತ್ತಾರೆ. (ಆ ಕಾಲದಲ್ಲಿ ಹೂಳೆತ್ತಲು ಬಂದವರಿಗೆಲ್ಲ ಗದ್ದೆ ಇರಲಿಲ್ಲ ಅನ್ನುವುದನ್ನೂ ಹಿರಿಯರು ಮರೆಯಬಾರದು.)

ಇದೆಲ್ಲ ಪರದೇಶದ ಮಾತಾಯಿತು, ನಮ್ಮಲ್ಲಿ ಯಾರೂ ಇಲ್ಲವೇ ಅಂತ ಕೇಳುತ್ತೀರಿ. ಇದ್ದಾರೆ. ಮಾಧವ ಗಾಡ್ಗೀಳರ ಹೆಸರು ಎತ್ತಿದರೆ ಮಲೆನಾಡಿನ ಕೆಲವು ಓದುಗರ ಹುಬ್ಬು ಗಂಟಿಕ್ಕುತ್ತದೆ ಅಂತ ಗೊತ್ತು. ಪಶ್ಚಿಮಘಟ್ಟದ ಬಗ್ಗೆ 2011ರಲ್ಲಿ ಅವರ ಸಮಿತಿ ಕೊಟ್ಟ ವರದಿಯ ಜಗಳ ಬೇರೆ, ಅದನ್ನು ಇನ್ನೊಂದು ಸಲ ಆಡೋಣ. ಇಲ್ಲಿ ಹೇಳುತ್ತಿರುವುದು ಅದಕ್ಕೂ ಮೊದಲಿನ ಮಾತು. ಹಾರ್ವರ್ಡಿನಲ್ಲಿ ಗಣಿತದಿಂದ ಜೀವರಾಶಿಯ ಲೆಕ್ಕ ಮಾಡುವ ವಿದ್ಯೆ ಓದಿ ಬಂದವರು ಗಾಡ್ಗೀಳರು. 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು, 1983ರಲ್ಲಿ ಅಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. 1970ರ ದಶಕದಲ್ಲಿ ನಮ್ಮ ರಾಜ್ಯದ ಬಿದಿರು ಯಾಕೆ ಮುಗಿಯುತ್ತಿದೆ ನೋಡಿ ಅಂತ ಕರ್ನಾಟಕ ಸರ್ಕಾರ ಅವರನ್ನು ಕೇಳಿತು. ಬುಟ್ಟಿ ಹೆಣೆಯುವವರು ಬಿದಿರಿಲ್ಲ ಅಂತ ಕೂಗುತ್ತಿದ್ದರು, ಹಳ್ಳಿಯವರೇ ಕಡಿದು ಹಾಳುಮಾಡುತ್ತಿದ್ದಾರೆ ಅಂತ ಇನ್ನೊಂದು ಕಡೆಯ ಹೇಳಿಕೆ.

ಉತ್ತರ ಕನ್ನಡದ ಕಾಡಿನಲ್ಲಿ ಕಂಡದ್ದೇನು? ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದಲ್ಲ, ಅದನ್ನು ಸವರಿ ಬುಡ ಚೊಕ್ಕಟ ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಅನ್ನುವುದು ಪುಸ್ತಕದ ಸಿದ್ಧಾಂತ. ಕಾಗದದ ಕಾರ್ಖಾನೆಯ ಆಳುಗಳು ಸವರುತ್ತಿದ್ದರು. ಊರಿನವರು ಮೊದಲಿಂದಲೂ ಹೇಳುತ್ತಿದ್ದರು, ಸ್ವಾಮಿ, ಆ ಮುಳ್ಳೇ ಕಳಲೆಗೆ ಕಾವಲು, ಅದನ್ನು ತೆಗೆದರೆ ದನವೂ ಕಾಡುಪ್ರಾಣಿಗಳೂ ಎಳೇ ಕಳಲೆ ತಿಂದುಹಾಕುತ್ತವೆ ಅಂತ. ವರ್ಷಗಟ್ಟಲೆ ಮೆಳೆ ಎಣಿಸಿ ಅಳೆದಾಗ ಊರಿನವರ ಮಾತೇ ನಿಜವಾಯಿತು. ಇನ್ನೊಂದು ಲೆಕ್ಕವೂ ಹೊರಬಿತ್ತು. ಕಾರ್ಖಾನೆಗೆ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ! ಬುಟ್ಟಿ ಹೆಣೆಯುವವನು ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಡಬೇಕಾಗಿತ್ತು. ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುವ ವಸ್ತುವನ್ನು ಯಾರು ಜೋಪಾನ ಮಾಡುತ್ತಾರೆ? ಮೆಳೆಯ ಲೆಕ್ಕ ಮಾಡಲು ಹೋದವರಿಗೆ ಬೆಲೆಯ ಲೆಕ್ಕ ಸಿಕ್ಕಿತು. ನಮ್ಮ ಪತ್ರಿಕೆ ಬಿದಿರಿನ ಜಾಗದಲ್ಲಿ ಭತ್ತ, ಹತ್ತಿ, ತೊಗರಿ ಇಟ್ಟು ಇಷ್ಟು ವರ್ಷ ಬರೆದದ್ದೂ ಇದೇ ಲೆಕ್ಕವಲ್ಲವೇ?

ಈಗ ನಮ್ಮ ತಕರಾರು. ಈ ಮೇಷ್ಟರುಗಳ ಮಾದರಿಗಳಲ್ಲಿ ನೀರಿದೆ, ಹುಳ ಇದೆ, ಮಳೆ ಇದೆ. ಸಾಲ ಎಲ್ಲಿದೆ? ಬಾಲಿಯ ಆ 172 ಸುಬಕ್ಕುಗಳ ಲೆಕ್ಕದಲ್ಲಿ ರೈತ ಯಾರಿಗೆ ಎಷ್ಟು ಬಾಕಿ ಇದ್ದಾನೆ ಅನ್ನುವ ಅಂಕಣವೇ ಇರಲಿಲ್ಲ. ಬೀಳು ಬಿಡಬೇಕು ಅಂತ ಗುಡಿ ಹೇಳಬಹುದು, ಕಂತು ಕಟ್ಟು ಅಂತ ಬ್ಯಾಂಕು ಹೇಳಿದರೆ? ಕಂತಿನ ಭಯಕ್ಕೆ ಮೂರನೇ ಬೆಳೆ ಹಾಕುವವನನ್ನು ಹುಳದ ಲೆಕ್ಕ ತಡೆಯುವುದಿಲ್ಲ. ಲ್ಯಾನ್ಸಿಂಗರ ಮೇಲೆ ಅವರ ಕ್ಷೇತ್ರದವರೇ ಇನ್ನೊಂದು ಆಕ್ಷೇಪ ಎತ್ತಿದ್ದಾರೆ. 1999ರಲ್ಲಿ ಸ್ಟೀಫನ್ ಹೆಲ್ಮ್‌ರಿಕ್ ಅನ್ನುವ ಮಾನವಶಾಸ್ತ್ರಜ್ಞ, ಆ ಬೊಂಬೆಯ ಊರಿನಲ್ಲಿ ರಾಜನೂ ಇಲ್ಲ, ಡಚ್ಚರ ಆಳ್ವಿಕೆಯೂ ಇಲ್ಲ, ರಾಜಕೀಯವೇ ಇಲ್ಲ, ಎಲ್ಲ ತಾನಾಗಿ ಆಯಿತು ಅನ್ನುವುದು ಅನುಕೂಲದ ಚಿತ್ರ ಅಂತ ಬರೆದರು. ಆ ಮಾತಿನಲ್ಲಿ ತೂಕ ಇದೆ. ನೀರಿನ ವ್ಯವಸ್ಥೆ ತಾನಾಗಿ ಚೆನ್ನಾಗಿತ್ತು ಅಂದರೆ ಕಂದಾಯ ವಸೂಲಿ ಮಾಡಿದವನ ಹೆಸರು ಅಳಿಸಿಹೋಗುತ್ತದೆ. 2012ರಲ್ಲಿ ಯುನೆಸ್ಕೋ ಸುಬಕ್ಕುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾರ ತುರಾಯಿ ಎಲ್ಲ ಆಯಿತು. ಆದರೆ ಅದೇ ಗದ್ದೆಗಳ ಮೇಲೆ ಪ್ರವಾಸಿಗರ ಬಂಗಲೆ ಏಳುವುದು ನಿಲ್ಲಲಿಲ್ಲ, ಯಾಕೆಂದರೆ ಗದ್ದೆಯಿಂದ ಬರುವ ಹುಟ್ಟುವಳಿಗೂ ಗದ್ದೆಯ ಸೈಟಿನ ಬೆಲೆಗೂ ತಾಳೆಯಾಗುವುದಿಲ್ಲ. ಇದು ಯಾವ ಮಾದರಿಗೂ ಹೊಸ ವಿಚಾರವಾಗಬೇಕಿರಲಿಲ್ಲ. ಬೆಂಗಳೂರಿನ ಸುತ್ತ ಜಮೀನು ಇರುವವರು ಒಂದು ನಿಮಿಷದಲ್ಲಿ ಹೇಳಿಬಿಡುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಲ್ಯಾನ್ಸಿಂಗರು ಸಾಲದ ಹತ್ತಿರ ಬಂದರು, ಅದನ್ನು ಹೇಳದಿದ್ದರೆ ನ್ಯಾಯವಲ್ಲ. ಸಾಲದ ಕಟ್ಟಿನಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರವೂ ಇರುತ್ತಿತ್ತು ಅಂತ ಹೇಳಿದೆವಲ್ಲ. ಬೆಂಕಿಬೆಟ್ಟದ ಮಣ್ಣಿನಲ್ಲಿ ಅವೆರಡೂ ಮೊದಲೇ ಧಾರಾಳವಾಗಿವೆ, ಹೊಳೆಯ ನೀರೇ ಅವನ್ನು ಗದ್ದೆಗೆ ಹೊತ್ತು ತರುತ್ತದೆ. ರೈತ ಸಾಲ ಮಾಡಿ ಕೊಂಡು ಸುರಿದ ಗೊಬ್ಬರ ಬಹಳಮಟ್ಟಿಗೆ ಹೊಳೆಯಲ್ಲೇ ಕೊಚ್ಚಿಕೊಂಡು ಸಮುದ್ರ ಸೇರಿತು. ಕಡಲ ತಡಿಯ ಹವಳದ ದಿಬ್ಬದ ಪದರಗಳಲ್ಲಿ ಗೊಬ್ಬರದ ಸಾರಜನಕದ ಗುರುತು ಸಿಕ್ಕಿದ್ದನ್ನು 2005ರಲ್ಲಿ ಅವರೂ ಅವರ ಜೊತೆಗಾರರೂ ಪ್ರಕಟಿಸಿದರು. ಬೇಡದ ಗೊಬ್ಬರಕ್ಕೆ ಬಡ್ಡಿ ಕಟ್ಟಿದವರ ಪಟ್ಟಿಯನ್ನು ಯಾರೂ ಪ್ರಕಟಿಸಲಿಲ್ಲ. ಔಷಧಿಯ ಮಟ್ಟಿಗೆ ಇಂಡೋನೇಷ್ಯಾ ಸರ್ಕಾರಕ್ಕೆ ಬುದ್ಧಿ ಬಂದದ್ದು 1986ರಲ್ಲಿ. ಭತ್ತಕ್ಕೆ ಹೊಡೆಯುವ 57 ಬಗೆಯ ಕೀಟನಾಶಕಗಳನ್ನು ಒಂದೇ ಆಜ್ಞೆಯಲ್ಲಿ ನಿಷೇಧಿಸಿತು.

ಇನ್ನು ಆ ಹುಡುಗನ ವಿಚಾರ. ಮೇಷ್ಟರ ಕೆಲಸ ಅಂದರೆ ಹತ್ತು ಗಂಟೆಗೆ ಹೋಗಿ ಐದಕ್ಕೆ ಬರುವುದು ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಪಿಎಚ್.ಡಿ.ಗೆ ಐದಾರು ವರ್ಷ. ಆಮೇಲೆ ಎರಡೋ ಮೂರೋ ವರ್ಷ ಇಲ್ಲೊಂದು ಅಲ್ಲೊಂದು ತಾತ್ಕಾಲಿಕ ಸಂಶೋಧನೆ ಕೆಲಸ. ಆಮೇಲೆ ಅದೃಷ್ಟ ಇದ್ದರೆ ಸಹಾಯಕ ಪ್ರಾಧ್ಯಾಪಕ. ಅಲ್ಲೂ ಕಾಯಂ ಅಲ್ಲ, ಸಾಮಾನ್ಯವಾಗಿ ಆರು ವರ್ಷ ನೋಡಿ, ಎಷ್ಟು ಬರೆದೆ, ಎಷ್ಟು ಹಣ ತಂದೆ ಅಂತ ತೂಗಿ ಆಮೇಲೆ ಇಟ್ಟುಕೊಳ್ಳುತ್ತಾರೆ ಅಥವಾ ಕಳಿಸುತ್ತಾರೆ. ನಮ್ಮ ಹುಡುಗ ಹಿಡಿದಿರುವ ವಿದ್ಯೆಗೆ ಇನ್ನೂ ಒಂದು ತೊಡಕಿದೆ. ಇದು ಯಾವ ವಿಭಾಗದ ಕೂಸೂ ಅಲ್ಲ. ಗಣಿತದವರು ನೀನು ಜನರ ಕತೆ ಹೇಳುತ್ತೀ ಅನ್ನುತ್ತಾರೆ, ಸಮಾಜಶಾಸ್ತ್ರದವರು ನೀನು ಸಮೀಕರಣ ಬರೆಯುತ್ತೀ ಅನ್ನುತ್ತಾರೆ. ಒಂದು ಬಯಲನ್ನು ಅರಿಯಲು ಹತ್ತು ಹದಿನೈದು ವರ್ಷ ಬೇಕು, ಹುದ್ದೆ ಉಳಿಯಬೇಕಾದರೆ ಆರು ವರ್ಷದಲ್ಲಿ ಹತ್ತಿಪ್ಪತ್ತು ಪ್ರಬಂಧ ಬೇಕು. ಹೀಗಾಗಿ ಬಹಳ ಜನ ಊರು ನೋಡದೆಯೇ ಮಾದರಿ ಕಟ್ಟುತ್ತಾರೆ. ಇಂಥವರ ಲೆಕ್ಕ ಹಿಡಿದುಕೊಂಡೇ ಅಧಿಕಾರಿಗಳು ನಮ್ಮ ಮುಂದೆ ಬರುವುದು. ನಮಗೆ ಭಯ ಇರುವುದು ಆ ಜಾತಿಯ ಮೇಷ್ಟರ ಬಗ್ಗೆ.

ದುಡ್ಡಿನ ವಿಚಾರ ಚೊಕ್ಕವಾಗಿ ಹೇಳಿಬಿಡುತ್ತೇವೆ. ಅಮೆರಿಕದ ಒಳ್ಳೇ ವಿಶ್ವವಿದ್ಯಾಲಯಗಳು ಪಿಎಚ್.ಡಿ.ಗೆ ಸೇರಿಸಿಕೊಂಡವರಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಮಾಡಿ, ಪಾಠ ಹೇಳುವ ಇಲ್ಲವೇ ಸಂಶೋಧನೆಗೆ ನೆರವಾಗುವ ಕೆಲಸ ಕೊಟ್ಟು ತಿಂಗಳ ಭತ್ಯ ಕೊಡುತ್ತವೆ. ಸ್ವೀಡನ್ನಿನಂಥ ದೇಶದಲ್ಲಿ ಪಿಎಚ್.ಡಿ. ವಿದ್ಯಾರ್ಥಿಗೆ ಸಂಬಳವೇ ಉಂಟು. ಈ ವಿದ್ಯೆಗೆ ಹೆಸರಾದ ಒಂದು ಕೇಂದ್ರ ಸ್ಟಾಕ್‌ಹೋಮಿನಲ್ಲೇ 2007ರಿಂದ ಇದೆ. ಕೈಯಿಂದ ಹಣ ಹಾಕಬೇಕಾದದ್ದು ಹೆಚ್ಚಾಗಿ ಎರಡು ವರ್ಷದ ಸ್ನಾತಕೋತ್ತರ ಪದವಿಗೆ. ಸಾಲ ಕೊಡುವವರೂ, ಕಮಿಷನ್ನಿನ ಏಜೆಂಟರೂ ತೋರಿಸುವುದು ಆ ದಾರಿಯನ್ನೇ. 2025ರಿಂದೀಚೆಗೆ ಅಲ್ಲಿನ ಸರ್ಕಾರ ಸಂಶೋಧನೆಯ ಹಣಕ್ಕೆ ಕತ್ತರಿ ಹಾಕಿದ ಮೇಲೆ ಅದು ಇನ್ನೂ ಇಕ್ಕಟ್ಟಾಗಿದೆ. ಇಲ್ಲೇ ಓದುವುದಾದರೆ ಬೆಂಗಳೂರಿನ ವಿಜ್ಞಾನ ಸಂಸ್ಥೆ ಇದೆ, 1996ರಲ್ಲಿ ಶುರುವಾದ ಏಟ್ರಿ ಅನ್ನುವ ಸಂಸ್ಥೆ ಇದೆ, ಎರಡರಲ್ಲೂ ಪಿಎಚ್.ಡಿ. ಮಾಡಬಹುದು. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಫೆಲೋಷಿಪ್ ಗಿಟ್ಟಿಸಿದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಅಂತ ನಿಗದಿಯಾಗಿದೆ. ಕೈಗೆ ಬರುವುದು ತಡವಾಗುತ್ತದೆ ಅನ್ನುವ ದೂರು ಇದೆ, ಸರ್ಕಾರದ ಹಣವಲ್ಲವೇ.

ಆದ್ದರಿಂದ ರಾಯಚೂರಿನ ಬಂಧುಗಳೇ, ಎರಡೆಕರೆ ಅಡವು ಇಡಬೇಡಿ. ಶುಲ್ಕ ಮನ್ನಾ, ಭತ್ಯ ಎರಡೂ ಕಾಗದದಲ್ಲಿ ಬರೆದು ಬಂದರೆ ಹುಡುಗನನ್ನು ಖಂಡಿತ ಕಳಿಸಿ, ವಿಮಾನದ ಟಿಕೆಟ್ಟಿಗೆ ಅಂತ ಒಂದು ಜೋಡಿ ಎತ್ತು ಮಾರಿದರೂ ನಾವು ತಪ್ಪು ಅನ್ನುವುದಿಲ್ಲ. ಬರದಿದ್ದರೆ ಒಂದು ವರ್ಷ ಇಲ್ಲೇ ಇದ್ದು ಫೆಲೋಷಿಪ್ ಪರೀಕ್ಷೆಗೆ ಕೂರಲಿ. ಆ ವರ್ಷದಲ್ಲಿ ಅವನಿಗೊಂದು ಕೆಲಸ ಹೇಳಿ. ನಿಮ್ಮ ಉಪಕಾಲುವೆಯ ತಲೆಯಿಂದ ಕೊನೆಯವರೆಗೆ ನಡೆದು, ಯಾರು ಯಾವ ದಿನ ಸಸಿಮಡಿ ಹಾಕಿದರು, ಯಾರ ಗದ್ದೆಗೆ ಯಾವ ದಿನ ನೀರು ಬಂತು, ಯಾರು ಎಷ್ಟು ಸಲ ಔಷಧಿ ಹೊಡೆದರು ಅನ್ನುವುದನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಲಿ. ಅದೇ ಸಾಲಿನಲ್ಲಿ, ಯಾರು ಯಾರ ಅಂಗಡಿಯಲ್ಲಿ ಎಷ್ಟು ಬಾಕಿ, ಬಡ್ಡಿ ಎಷ್ಟು, ಭತ್ತ ಯಾವ ದಿನ ಯಾವ ರೇಟಿಗೆ ಮಾರಿದರು ಅನ್ನುವ ಅಂಕಣವನ್ನೂ ಹಾಕಲಿ. ತಲೆಭಾಗದವರು ಬಾಕಿಯ ವಿಚಾರ ಬಾಯಿಬಿಡುವುದಿಲ್ಲ ಅಂತ ಅವನು ಬಂದು ಹೇಳುತ್ತಾನೆ. ಆಗ ನೀವೂ ಜೊತೆಗೆ ಹೋಗಿ. ಮೊದಲು ನಿಮ್ಮ ಬಾಕಿ ಹೇಳಿ, ಆಮೇಲೆ ಅವರದು ಕೇಳಿ.